ಒಂಟಿ ಪಯಣಿಗನ ಹೆಗಲಿಗೆ ಯಾವ ಕೋವಿ?

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಎರಡು ತಿಂಗಳಿಂದ ಬರುತ್ತಿರುವ ಧಾರಾವಾಹಿಯನ್ನು ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಮೊಮ್ಮಗಳು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಓದುತ್ತೇವೆ. 1770ರ ಸುಮಾರಿಗೆ ಅಮೆರಿಕದ ಉತ್ತರ ಕ್ಯಾರೊಲಿನಾದ ಯಾಡ್‌ಕಿನ್ ಕಣಿವೆಯಿಂದ ಹೊರಟ ತರುಣನೊಬ್ಬ ಕಂಬರ್‌ಲ್ಯಾಂಡ್ ಗ್ಯಾಪ್ ಎಂಬ ಮಲೆಸಾಲಿನ ತಗ್ಗನ್ನು ದಾಟಿ, ಕೆಂಟಕಿಯ ಕಾಡಿನೊಳಗೆ ಒಬ್ಬನೇ ನಡೆದು, ಒಹಾಯೊ ನದಿಯ ದಡ ಸೇರಬೇಕೆಂದು ಹೊರಟಿರುವ ಕಥೆ ಅದು. ಲೇಖಕರ ಕನ್ನಡ ಚೆಂದವಿದೆ. ಮಳೆಯನ್ನೂ ಮರಗಳನ್ನೂ ಅವರು ಕಣ್ಣಿಗೆ ಕಟ್ಟುವಂತೆ ಬರೆಯುತ್ತಾರೆ. ನನ್ನ ತಕರಾರು ಇರುವುದು ಆ ತರುಣನ ಹೆಗಲಿನಲ್ಲಿ ತೂಗುವ ಆಯುಧಗಳ ಬಗ್ಗೆ ಮಾತ್ರ. ಮೊದಲ ಕಂತಿನಲ್ಲಿ ಅವನಿಗೆ ಸೇನೆಯವರ ಮಸ್ಕೆಟ್ ಒಂದನ್ನೂ ಸೊಂಟಕ್ಕೆ ಎರಡು ಪಿಸ್ತೂಲುಗಳನ್ನೂ ಕೊಡಲಾಯಿತು. ಐದನೆಯ ಕಂತಿನಲ್ಲಿ, ಎಲ್ಲಿಂದ ಬಂತೋ ತಿಳಿಯದು, ಅವನು 'ಒಂದರ ಹಿಂದೆ ಒಂದರಂತೆ ಬಿಡುವಿಲ್ಲದೆ ಏಳು ಗುಂಡು' ಹಾರಿಸಿಬಿಟ್ಟ. ಇದನ್ನು ಓದಿದಾಗ ನನ್ನ ಕೈಯಲ್ಲಿದ್ದ ಕಾಫಿ ತಣಿಯಿತು.

ನಾನು ಸೈನಿಕನೂ ಅಲ್ಲ, ಬೇಟೆಗಾರನೂ ಅಲ್ಲ. ಉಡುಪಿಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಆದರೆ ಹೆಬ್ರಿ ಕಡೆಯ ನಮ್ಮ ಅಡಿಕೆ ತೋಟದ ಮನೆಯಲ್ಲಿ ತಂದೆಯವರಿಗೆ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಒಂಟಿ ನಳಿಗೆಯ ಕೇಪಿನ ಕೋವಿಯೊಂದಿತ್ತು. ಹಂದಿ ಓಡಿಸಲೆಂದು ಅವರು ಅದಕ್ಕೆ ಈಡು, ಅಂದರೆ ಒಂದು ಸಲ ಹಾರಿಸುವಷ್ಟು ಮದ್ದುಗುಂಡು, ತುಂಬುವುದನ್ನು ಚಿಮಿಣಿ ದೀಪದ ಬೆಳಕಿನಲ್ಲಿ ನೋಡುತ್ತ ಬೆಳೆದವನು ನಾನು. ಕೋವಿಯ ಹಿಡಿಯನ್ನು ಜಗಲಿಯ ನೆಲಕ್ಕೆ ಊರಿ, ಬಿದಿರಿನ ಸಣ್ಣ ಗೆಣ್ಣಿನಲ್ಲಿ ಅಳೆದ ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ತೆಂಗಿನ ಕತ್ತವನ್ನು ಉಂಡೆ ಮಾಡಿ ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಎಂಬ ಸೀಸದ ಸಣ್ಣ ಕಾಳುಗಳನ್ನು ಸುರಿದು, ಮತ್ತೆ ಕತ್ತ, ಮತ್ತೆ ಗಜ. ಕೊನೆಗೆ ಕುದುರೆಯನ್ನು, ಅಂದರೆ ಕೋವಿಯ ಬಡಿಯುವ ಕೊಕ್ಕೆಯನ್ನು, ಎತ್ತಿ, ಪೆಟ್ಟಿಗೆ ಹೊತ್ತಿಕೊಳ್ಳುವ ಪುಟ್ಟ ಲೋಹದ ಟೊಪ್ಪಿಯಾದ ಕೇಪನ್ನು ಸಿಕ್ಕಿಸುವುದು. ಗಜವೆಂದರೆ ನಳಿಗೆಯೊಳಗೆ ಆಡುವ ಉದ್ದದ ಸಲಾಕೆ. ತಂದೆಯವರು ಅದಕ್ಕೆ ಒಂದು ಕಡೆ ಕೆಂಪು ದಾರ ಸುತ್ತಿದ್ದರು. ಗಜವನ್ನು ಇಳಿಬಿಟ್ಟಾಗ ದಾರ ನಳಿಗೆಯ ಬಾಯಿಯ ಮೇಲೆಯೇ ನಿಂತರೆ ಕೋವಿ ತುಂಬಿದೆ ಎಂದರ್ಥ, ದಾರ ಒಳಗೆ ಮುಳುಗಿದರೆ ಖಾಲಿ ಎಂದರ್ಥ. ಒಮ್ಮೆ ಈಡಿನ ಮೇಲೆ ಈಡು ತುಂಬಿ ಭುಜ ಕಿತ್ತುಹೋಗುವಷ್ಟು ಒದೆಸಿಕೊಂಡ ಮೇಲೆ ಕಲಿತ ಉಪಾಯವದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುತ್ತಿದ್ದ ಆ ಕೋವಿಯನ್ನು ಅವರು ತೀರಿಕೊಂಡ ಬಳಿಕ ನಾವು ಸರಕಾರಕ್ಕೇ ಒಪ್ಪಿಸಿಬಿಟ್ಟೆವು. ಬಾಯಿಯಿಂದ ತುಂಬುವ ಕೋವಿ ಎಷ್ಟು ಹೊತ್ತು ಹಿಡಿಸುತ್ತದೆ ಎಂಬುದು ಮಾತ್ರ ನನ್ನ ಮೈಗೆ ಗೊತ್ತು.

ನಿಮ್ಮ ಕಥಾನಾಯಕನ ಕಾಲಕ್ಕೆ ಕೇಪು ಕೂಡ ಇರಲಿಲ್ಲ. ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ರಾಸಾಯನಿಕದಿಂದ ಮದ್ದಿಗೆ ಬೆಂಕಿ ಮುಟ್ಟಿಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸೈತ್ ಹಕ್ಕುಪತ್ರ ಪಡೆದದ್ದು 1807ರಲ್ಲಿ. ನಮ್ಮ ತಂದೆಯವರು ಬಳಸುತ್ತಿದ್ದಂಥ ಲೋಹದ ಕೇಪು ಬಳಕೆಗೆ ಬಂದದ್ದು 1820ರ ದಶಕದಲ್ಲಿ. ಸನ್ನೆಗೋಲು ಎಳೆದು ಎಳೆದು ಹೊಡೆಯುವ, ಲೋಹದ ತೋಟೆ ನುಂಗುವ ಹೆನ್ರಿ ರೈಫಲ್ 1860ರದು. ಸಿನಿಮಾಗಳಲ್ಲಿ ಕಾಣುವ ಪ್ರಸಿದ್ಧ ವಿಂಚೆಸ್ಟರ್ 1873ರದು. ಅಂದರೆ ನಾಯಕ ಹಾರಿಸಿದ ಆ ಏಳು ಗುಂಡುಗಳು ಅವನ ಮರಿಮಕ್ಕಳ ಕಾಲದವು. 1770ರಲ್ಲಿ ಅವನ ಕೈಯಲ್ಲಿರಬೇಕಾದದ್ದು ಚಕಮಕಿ ಕೋವಿ. ಕುದುರೆಯ ಬಾಯಿಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಉಜ್ಜಿ ಕಿಡಿ ಕೆಡವುತ್ತದೆ. ಕಿಡಿ ಕೆಳಗಿನ ಬಟ್ಟಲಲ್ಲಿರುವ ರಂಜಕಕ್ಕೆ, ಅಂದರೆ ಬೆಂಕಿ ಹೊತ್ತಿಸುವ ಚಿಟಿಕೆ ಮದ್ದಿಗೆ, ಬಿದ್ದು, ಅಲ್ಲಿಂದ ಒಂದು ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗಿನ ಮದ್ದಿಗೆ ದಾಟುತ್ತದೆ. ಈ ತಪ್ಪು ಒಂದು ಸಾಲಿನಲ್ಲಿ ತಿದ್ದಿಕೊಳ್ಳಬಹುದಾದದ್ದು. ಮಸ್ಕೆಟ್ಟಿನ ವಿಷಯ ಹಾಗಲ್ಲ. ಅದು ಕಾಲಕ್ಕೆ ಸರಿಯೇ, ಆದರೆ ಕೆಲಸಕ್ಕೆ ತಪ್ಪು. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕಾಗಿ.

ಮಸ್ಕೆಟ್ ಒಬ್ಬನಿಗಾಗಿ ಮಾಡಿದ ಆಯುಧವಲ್ಲ. ಅದರ ನಳಿಗೆಯ ಒಳಮೈ ನುಣುಪು. ಬ್ರಿಟಿಷ್ ಸೇನೆಯ 'ಬ್ರೌನ್ ಬೆಸ್' ಎಂಬ ಮಸ್ಕೆಟ್ಟಿನ ನಳಿಗೆ ಮುಕ್ಕಾಲು ಇಂಚು ಅಗಲ, ಅದಕ್ಕೆ ಹಾಕುವ ಗುಂಡು ಅದಕ್ಕಿಂತ ತುಸು ಸಣ್ಣದು. ಸಡಿಲವಾಗಿ ಕೂರುವ ಗುಂಡನ್ನು ಬೇಗ ತುಂಬಬಹುದು. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಈಡು ಹೊಡೆಯುತ್ತಿದ್ದ. ಆದರೆ ಸಡಿಲ ಗುಂಡು ನಳಿಗೆಯ ಗೋಡೆಗಳಿಗೆ ಬಡಿಯುತ್ತ ಹೊರಬೀಳುವುದರಿಂದ ಎಪ್ಪತ್ತೆಂಬತ್ತು ಮೀಟರಿನಾಚೆ ಅದು ಎಲ್ಲಿ ಹೋಗಿ ತಾಕುವುದೆಂದು ಹೊಡೆದವನಿಗೂ ತಿಳಿಯದು. ನೂರು ಜನ ಸಾಲಾಗಿ ನಿಂತು, ಎದುರಿನ ಇನ್ನೂರು ಜನರ ಸಾಲಿನತ್ತ ಒಮ್ಮೆಗೇ ಹಾರಿಸುವಾಗ ಇದು ದೋಷವೇ ಅಲ್ಲ. 1783ರ ಮಳೆಗಾಲದಲ್ಲಿ ಟಿಪ್ಪು ಸುಲ್ತಾನ್ ಮಂಗಳೂರು ಕೋಟೆಯನ್ನು ಮುತ್ತಿದಾಗ ಎರಡೂ ಕಡೆ ಇದ್ದದ್ದು ಇಂಥ ಕೋವಿಗಳ ಸಾಲುಗಳೇ. (ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೂ ನಮ್ಮ ಊರಿಗೂ ಇರುವ ನಂಟು ಬಹಳ ಮಂದಿಗೆ ತಿಳಿದಿಲ್ಲ. ಆ ಯುದ್ಧವನ್ನು ಮುಗಿಸಿದ ಯುರೋಪಿನ ಸಂಧಿಯ ಸುದ್ದಿ ಇಲ್ಲಿಗೆ ತಲುಪಿದೊಡನೆ ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಮುತ್ತಿಗೆಯಿಂದ ಕೈತೆಗೆದರು. ಮುಂದಿನ ಮಾರ್ಚಿನಲ್ಲಿ ಮಂಗಳೂರು ಒಪ್ಪಂದವಾಯಿತು.) ಆದರೆ ಕೆಂಟಕಿಯ ಕಾಡಿನಲ್ಲಿ ಒಬ್ಬನೇ ನಡೆಯುವವನಿಗೆ ಅಕ್ಕಪಕ್ಕದಲ್ಲಿ ಸಾಲೂ ಇಲ್ಲ, ಎದುರಿಗೆ ಸಾಲೂ ಇಲ್ಲ. ಅವನ ಎದುರು ಇರುವುದು ನೂರು ಮೀಟರ್ ದೂರದಲ್ಲಿ ಕಿವಿ ನಿಮಿರಿಸಿ ನಿಂತ ಒಂದು ಜಿಂಕೆ, ಮತ್ತು ಅವನ ಹಸಿವು.

ಅದಕ್ಕಿಂತ ದೊಡ್ಡ ತೊಡಕು ತೂಕದ್ದು. ನಮ್ಮ ಕಡೆ ಪುತ್ತೂರಿನಿಂದ ಬೈಂದೂರಿನವರೆಗೆ ಕೋವಿ ಪರವಾನಗಿ ಇರುವ ರೈತರೆಲ್ಲ '12 ಬೋರ್' ಎನ್ನುತ್ತಾರೆ. ಆ 12 ಎಲ್ಲಿಂದ ಬಂತೆಂದು ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಒಂದು ಪೌಂಡ್ ಸೀಸದಲ್ಲಿ, ಅಂದರೆ ಸುಮಾರು 454 ಗ್ರಾಮಿನಲ್ಲಿ, ಆ ನಳಿಗೆಗೆ ಸರಿಹೊಂದುವ 12 ಉರುಟು ಗುಂಡುಗಳಾಗುತ್ತವೆ ಎಂಬುದೇ ಅದರ ಅರ್ಥ. ಇದೇ ಲೆಕ್ಕದಲ್ಲಿ ಮಸ್ಕೆಟ್ಟಿಗೆ ಪೌಂಡಿಗೆ ಹದಿನಾಲ್ಕು ಗುಂಡು ಸಿಗಬಹುದು. ಆದರೆ 0.45 ಇಂಚಿನ ಸಣ್ಣ ನಳಿಗೆಗಾದರೆ ಅದೇ ಸೀಸದಲ್ಲಿ ಐವತ್ತಕ್ಕೂ ಹೆಚ್ಚು. ಮದ್ದಿನದೂ ಹಾಗೆಯೇ: ಮಸ್ಕೆಟ್ ಒಂದು ಈಡಿಗೆ ಸುಮಾರು ಏಳು ಗ್ರಾಂ ತಿಂದರೆ, ಸಣ್ಣ ನಳಿಗೆಗೆ ಅದರ ಅರ್ಧ ಸಾಕು. ನಾನು ಪೆನ್ಸಿಲ್ ಹಿಡಿದು ಎಣಿಸಿದೆ. ಇಷ್ಟು ಕಂತುಗಳಲ್ಲಿ ನಿಮ್ಮ ನಾಯಕ ಪಿಸ್ತೂಲು ಬಿಟ್ಟು ಮಸ್ಕೆಟ್ಟಿನಿಂದಲೇ ಹಾರಿಸಿದ ಈಡು 61. ಅದಕ್ಕೆ ಬೇಕಾದ ಸೀಸ ಸುಮಾರು ಎರಡು ಕಿಲೋ, ಮದ್ದು ಅರ್ಧ ಕಿಲೋದ ಹತ್ತಿರ. ಅದರ ಮೇಲೆ ನಾಲ್ಕೂವರೆ ಕಿಲೋ ತೂಗುವ ಕೋವಿ, ಎರಡು ಪಿಸ್ತೂಲು, ಕಂಬಳಿ, ಕೊಡಲಿ, ಪಾತ್ರೆ. ಕುದುರೆ ಎರಡನೆಯ ಕಂತಿನಲ್ಲೇ ಸತ್ತಿದೆ. ಅದೇ 61 ಈಡನ್ನು ಸಣ್ಣ ನಳಿಗೆಯಿಂದ ಹೊಡೆದಿದ್ದರೆ ಬೇಕಾದದ್ದು ಅರ್ಧ ಕಿಲೋಗಿಂತ ತುಸು ಹೆಚ್ಚು ಸೀಸ ಮಾತ್ರ. ಹೊಡೆದುರುಳಿಸಿದ ಪ್ರಾಣಿಯ ಮೈಯಿಂದ ಗುಂಡನ್ನು ಕೆದಕಿ ತೆಗೆದು, ಕರಗಿಸಿ, ಮತ್ತೆ ಅಚ್ಚಿಗೆ ಎರೆದುಕೊಳ್ಳುತ್ತಿದ್ದವರ ಕಾಲ ಅದು ಎಂಬುದನ್ನೂ ಲೇಖಕರು ನೆನಪಿಡಬೇಕು.

ಇಂಥ ಪಯಣಕ್ಕೆಂದೇ ಹುಟ್ಟಿದ ಕೋವಿಯೊಂದು ಆಗಲೇ ಇತ್ತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆನಿಂತ ಜರ್ಮನ್ ಮೂಲದ ಕಮ್ಮಾರರು, ತಮ್ಮ ನಾಡಿನ ಗಿಡ್ಡ, ದಪ್ಪ ನಳಿಗೆಯ ಬೇಟೆಕೋವಿಯನ್ನು ಈ ಹೊಸ ಕಾಡಿಗೆ ತಕ್ಕಂತೆ ಎಳೆದು ನೀಳ ಮಾಡಿದರು, ನಳಿಗೆಯ ಬಾಯಿಯನ್ನು ಕಿರಿದುಗೊಳಿಸಿದರು. ಮುಂದೆ ಕೆಂಟಕಿ ರೈಫಲ್ ಎಂದು ಹೆಸರಾದದ್ದು ಇದೇ. ನಲವತ್ತು ಇಂಚಿಗೂ ಮಿಕ್ಕಿದ ನಳಿಗೆಯ ಒಳಗೆ ತಿರುಪಿನಂತೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ. ಗುಂಡನ್ನು ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಜಡಿಯುತ್ತಾರೆ. ಬಟ್ಟೆ ಗೀರುಗಳನ್ನು ಕಚ್ಚಿಕೊಂಡು ಗುಂಡಿಗೆ ತಿರುಗುವ ವೇಗ ಕೊಡುತ್ತದೆ. ಬುಗುರಿ ತಿರುಗುವಾಗ ನೆಟ್ಟಗೆ ನಿಲ್ಲುವಂತೆ ಗುಂಡೂ ದಾರಿ ಬಿಡದೆ ಸಾಗುತ್ತದೆ. ಒಳ್ಳೆಯ ಕೈಗೆ ಸಿಕ್ಕರೆ ನೂರೈವತ್ತು ಮೀಟರಿನಲ್ಲಿಯೂ ಜಿಂಕೆ ತಪ್ಪದು. ಬಿಗಿಯಾಗಿ ಜಡಿಯಬೇಕಾದ್ದರಿಂದ ಒಂದು ಈಡು ತುಂಬಲು ಅರ್ಧ ನಿಮಿಷದಿಂದ ಒಂದು ನಿಮಿಷ ಬೇಕು ಎಂಬುದು ಇದರ ಕೊರತೆ. ಸೇನಾಪತಿಗಳಿಗೆ ಇದು ದೊಡ್ಡ ಕೊರತೆಯೇ. ಜಿಂಕೆಗೆ ಕಾದು ಕುಳಿತವನಿಗೆ ಅಲ್ಲ.

ಇದು ಪುಸ್ತಕದ ಲೆಕ್ಕವಷ್ಟೇ ಅಲ್ಲ ಎಂಬುದಕ್ಕೆ ಆ ಕಾಲದ ಅಮೆರಿಕದ ಬೇಟೆಗಾರ ಡೇನಿಯಲ್ ಬೂನ್ ಸಾಕ್ಷಿ. 1769ರಲ್ಲಿ ಕಂಬರ್‌ಲ್ಯಾಂಡ್ ಗ್ಯಾಪ್ ದಾಟಿ ಕೆಂಟಕಿಗೆ ಬಂದ ಬೂನ್, ಮರುವರ್ಷ ಮೇ 1ರಿಂದ ಜುಲೈ 27ರವರೆಗೆ ಆ ಕಾಡಿನಲ್ಲಿ ಒಬ್ಬನೇ ಇದ್ದ. ರೊಟ್ಟಿಯಿಲ್ಲ, ಉಪ್ಪಿಲ್ಲ, ಸಕ್ಕರೆಯಿಲ್ಲ, ಕುದುರೆಯಿಲ್ಲ, ಜೊತೆಗೊಂದು ನಾಯಿಯೂ ಇಲ್ಲ. ಜೊತೆಗಿದ್ದ ತಮ್ಮ ಊರಿಗೆ ಹೋದದ್ದು ಕುದುರೆ ಮತ್ತು ಮದ್ದುಗುಂಡು ತರುವುದಕ್ಕೇ ಎಂಬುದನ್ನು ಗಮನಿಸಿ. ಅಲ್ಲಿ ಮುಗಿದುಹೋಗುತ್ತಿದ್ದದ್ದು ಕೋವಿಯಲ್ಲ, ಅದರ ಹೊಟ್ಟೆಗೆ ಹಾಕುವ ಸರಕು. ಇನ್ನೊಂದು ಮಾತು: ನಿಮ್ಮ ಧಾರಾವಾಹಿ ಆ ಕಾಡನ್ನು ಪದೇಪದೇ 'ನಿರ್ಮಾನುಷ' ಎನ್ನುತ್ತದೆ. 1769ರ ಡಿಸೆಂಬರಿನಲ್ಲಿ ಮೂಲನಿವಾಸಿಗಳಾದ ಶಾನೀ ಜನ ಬೂನನನ್ನು ಹಿಡಿದು, ಅವನು ಕೂಡಿಹಾಕಿದ್ದ ತೊಗಲುಗಳನ್ನು ಕಸಿದುಕೊಂಡು, ಇದು ನಮ್ಮ ಬೇಟೆಯ ನೆಲ, ಮನೆಗೆ ಹೋಗು ಎಂದು ಬಿಟ್ಟು ಕಳಿಸಿದ್ದರು. ಒಂಟಿ ಪಯಣಿಗ ಅಲ್ಲಿ ಬಿಡುವಿಲ್ಲದೆ ಕೋವಿ ಹಾರಿಸುತ್ತ ಹೋದರೆ ತಾನಿರುವ ಜಾಗವನ್ನು ಆ ನೆಲದ ಒಡೆಯರಿಗೆ ಡಂಗುರ ಹೊಡೆದು ತಿಳಿಸಿದಂತೆ. ದಿನಕ್ಕೊಂದು ಈಡೇ ಅವನಿಗೆ ಹೆಚ್ಚು.

ಈ ಪತ್ರದ ಕರಡನ್ನು ಕಾರ್ಕಳದ ನನ್ನ ಸ್ನೇಹಿತರೊಬ್ಬರಿಗೆ ತೋರಿಸಿದೆ. ಅವರು ಒಪ್ಪಲಿಲ್ಲ. ಅವರ ವಾದವನ್ನು ಮುಚ್ಚಿಡುವುದು ಸರಿಯಲ್ಲ, ಏಕೆಂದರೆ ಅದರಲ್ಲಿ ಹುರುಳಿದೆ. ರೈಫಲ್ಲಿನ ಗೀರಿನ ನಳಿಗೆಯಿಂದ ಚರೆ ಹೊಡೆದರೆ ಅದು ಚದುರಿಹೋಗುತ್ತದೆ. ಹಾಗಾಗಿ ಹಾರುವ ಬಾತುಕೋಳಿಯನ್ನು ಅದು ಕೆಡವದು. ನುಣುಪು ನಳಿಗೆಯ ಹಗುರ ಕೋವಿಯಾದರೆ ಬೆಳಿಗ್ಗೆ ಚರೆ ತುಂಬಿ ಹಕ್ಕಿ ಹೊಡೆಯಬಹುದು, ಸಂಜೆ ಗುಂಡು ತುಂಬಿ ಜಿಂಕೆ ಹೊಡೆಯಬಹುದು, ಮಸಿ ಕಟ್ಟಿದರೂ ತುಂಬುವುದು ಸುಲಭ, ಒಳಗಿನ ಗೀರು ಸವೆಯಿತೆಂಬ ಚಿಂತೆಯೂ ಇಲ್ಲ. ಹಡ್ಸನ್ಸ್ ಬೇ ಕಂಪನಿ ತುಪ್ಪುಳದ ತೊಗಲಿಗೆ ಬದಲಾಗಿ ಉತ್ತರದ ಮೂಲನಿವಾಸಿಗಳಿಗೆ ಮಾರುತ್ತಿದ್ದ, ಪಕ್ಕದ ಹಿತ್ತಾಳೆ ಪಟ್ಟಿಯಲ್ಲಿ ಸರ್ಪದ ಆಕೃತಿಯಿರುವ ವ್ಯಾಪಾರದ ಕೋವಿಗಳು ಇಂಥವೇ. ಆ ಕಾಡನ್ನು ಹುಟ್ಟಿನಿಂದ ಬಲ್ಲವರು ಕೇಳಿ ಕೇಳಿ ಕೊಂಡದ್ದು ಅವನ್ನೇ. ಹಾಗೆಂದು ಸ್ನೇಹಿತರು ಮೇಜು ಕುಟ್ಟಿ ಹೇಳಿದರು. ನಾಯಕ ದೋಣಿಯಲ್ಲಿ ಕುಳಿತು ಉತ್ತರದ ಸರೋವರಗಳ ನಡುವೆ ಹೋಗುವವನಾಗಿದ್ದರೆ ನಾನೂ ಅವರ ಮಾತಿಗೇ ಸಹಿ ಹಾಕುತ್ತಿದ್ದೆ. ಅಲ್ಲಿ ಊಟ ನೀರಿನ ಮೇಲೆ ಕುಳಿತಿರುತ್ತದೆ, ತೂಕ ದೋಣಿಯ ಮೇಲಿರುತ್ತದೆ. ಆದರೆ ನಡೆದು ಹೋಗುವವನು ಒಂದು ಹಕ್ಕಿಗಾಗಿ ಒಂದು ಹಿಡಿ ಚರೆ ಸುರಿಯಲಾರ. ಆ ಸೀಸದಲ್ಲಿ ಎರಡು ಮೂರು ಜಿಂಕೆಯ ಗುಂಡುಗಳಾಗುತ್ತವೆ. ಕೆಂಟಕಿಗೆ ನನ್ನ ಮತ ರೈಫಲ್ಲಿಗೇ. ಸ್ನೇಹಿತರು ಇನ್ನೂ ಮುನಿದಿದ್ದಾರೆ.

ಜಾಗ ಬದಲಾದರೆ ಕೋವಿಯೂ ಬದಲಾಗಬೇಕು ಎಂಬುದನ್ನು ಮಿಸ್ಸೂರಿ ನದಿಯ ಕರಡಿಗಳು ಕಲಿಸಿದವು. 1804ರಿಂದ 1806ರವರೆಗೆ ಪೆಸಿಫಿಕ್ ಕಡಲಿನ ತನಕ ಹೋಗಿ ಬಂದ ಅಮೆರಿಕದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡಕ್ಕೆ 1805ರ ಮೇ ತಿಂಗಳಲ್ಲಿ ಎದುರಾದ ಗ್ರಿಜ್ಲಿ ಕರಡಿಗಳು ಹಲವು ಗುಂಡು ತಿಂದ ಮೇಲೂ ಹೊಡೆದವರನ್ನೇ ಅಟ್ಟಿಸಿಕೊಂಡು ಬಂದವು. ಜೂನ್ 14ರಂದು ಒಬ್ಬನೇ ನಡೆಯುತ್ತಿದ್ದ ಲೂಯಿಸ್ ಕಾಡೆಮ್ಮೆಯೊಂದಕ್ಕೆ ಗುಂಡು ಹೊಡೆದು, ಅದು ಬೀಳುವುದನ್ನು ನೋಡುತ್ತ ನಿಂತು, ಮತ್ತೆ ಈಡು ತುಂಬುವುದನ್ನು ಮರೆತ. ತಿರುಗಿ ನೋಡಿದರೆ ಕೆಲವೇ ಹೆಜ್ಜೆ ದೂರದಲ್ಲಿ ಗ್ರಿಜ್ಲಿ. ಕೈಯಲ್ಲಿ ಖಾಲಿ ಕೋವಿ. ಓಡಿ ನದಿಗಿಳಿದು, ಸೊಂಟದವರೆಗಿನ ನೀರಿನಲ್ಲಿ ನಿಂತು, ಕೈಯಲ್ಲಿದ್ದ ಭರ್ಜಿಯನ್ನು ತಿರುಗಿಸಿ ಹಿಡಿದ. ಅದೇಕೋ ಕರಡಿ ಹಿಂದಿರುಗಿ ಓಡಿತು. ಹೊಡೆದ ಮರುಕ್ಷಣ, ಕಾಲು ಕದಲಿಸುವ ಮೊದಲೇ ಈಡು ತುಂಬಬೇಕೆಂಬ ಪಾಠ ಅವನಿಗೆ ಅಂದು ತಲೆಗೆ ಹತ್ತಿತು. ತಂದೆಯವರ ಕೆಂಪು ದಾರದ ಬೆಲೆ ನನಗೆ ತಿಳಿದದ್ದು ಈ ಪ್ರಸಂಗ ಓದಿದಾಗ. 1820ರ ದಶಕದಿಂದ ಸೇಂಟ್ ಲೂಯಿಯ ಹಾಕನ್ ಸಹೋದರರು ಪಶ್ಚಿಮದ ಮಲೆಗಳಿಗೆ ಹೋಗುವವರಿಗಾಗಿ ಮಾಡಿಕೊಟ್ಟ ರೈಫಲ್ಲುಗಳು ಗಿಡ್ಡಗೆ, ಭಾರವಾಗಿ, ಅರ್ಧ ಇಂಚಿಗೂ ಅಗಲವಾದ ನಳಿಗೆಯವಾಗಿದ್ದುದಕ್ಕೆ ಈ ಕರಡಿ ಮತ್ತು ಕಾಡೆಮ್ಮೆಗಳೇ ಕಾರಣ. ನಿಮ್ಮ ನಾಯಕನ ಕೆಂಟಕಿಯಲ್ಲಿ ಇದ್ದ ಕರಡಿಯೆಂದರೆ ಕಪ್ಪು ಕರಡಿ ಮಾತ್ರ. ಅದಕ್ಕೆ ಲ್ಯಾಂಕಾಸ್ಟರಿನ ಸಣ್ಣ ಗುಂಡು ಸಾಕು.

ಬಿಡುವಿಲ್ಲದೆ ಹೊಡೆಯುವ ಆಯುಧ ಬೇಕೇಬೇಕು ಎಂದು ಲೇಖಕರಿಗೆ ಆಸೆಯಿದ್ದರೆ ಅದೇ ಲೂಯಿಸನ ಬಳಿ ಒಂದಿತ್ತು: ಗಾಳಿ ಕೋವಿ. ಆಸ್ಟ್ರಿಯಾದ ಸೇನೆಗಾಗಿ ಗಿರಾರ್ಡೋನಿ ರೂಪಿಸಿದ ಬಗೆಯದು ಅದು ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಒಮ್ಮೆ ತುಂಬಿದರೆ ಇಪ್ಪತ್ತರಷ್ಟು ಗುಂಡು, ಹೊಗೆಯಿಲ್ಲ, ದೊಡ್ಡ ಸದ್ದಿಲ್ಲ. ಆದರೆ ಅದೂ ನಿಮ್ಮ ನಾಯಕನ ಕಾಲದ್ದಲ್ಲ. ಮೇಲಾಗಿ ಅದರ ಹಿಡಿಯಲ್ಲಿರುವ ಗಾಳಿಬುಡ್ಡಿಯನ್ನು ತುಂಬಲು ಸಾವಿರಕ್ಕೂ ಮಿಕ್ಕಿ ಸಲ ಪಂಪು ಹೊಡೆಯಬೇಕು, ಮತ್ತು ಅದರ ತೊಗಲಿನ ಬಿರಡೆ ಸೋರತೊಡಗಿದರೆ ಕಾಡಿನಲ್ಲಿ ಒಬ್ಬನೇ ಇರುವವನಿಗೆ ರಿಪೇರಿ ಸುಲಭವಲ್ಲ. ಲೂಯಿಸ್ ಅದನ್ನು ಬೇಟೆಗಿಂತ ಹೆಚ್ಚಾಗಿ ಬಳಸಿದ್ದು ದಾರಿಯಲ್ಲಿ ಸಿಕ್ಕ ಜನರನ್ನು ಬೆರಗುಗೊಳಿಸುವುದಕ್ಕೆ. ಆ ತಂಡವನ್ನು ನಿಜವಾಗಿ ಕಾಪಾಡಿದ್ದು ಬೇರೆ ಎರಡು ಸಂಗತಿಗಳು. ಒಂದು, ಹೊರಡುವಾಗಲೇ ಕಟ್ಟಿಕೊಂಡಿದ್ದ ಬಿಡಿ ಚಾಪುಗಳು, ಅಂದರೆ ಕುದುರೆ, ಸ್ಪ್ರಿಂಗು, ಬಟ್ಟಲು ಸೇರಿದ ಯಂತ್ರಭಾಗಗಳು. ಅವಿಲ್ಲದಿದ್ದರೆ ತಮ್ಮ ಹೆಚ್ಚಿನ ಕೋವಿಗಳು ಕೆಲಸಕ್ಕೆ ಬಾರದೆ ಹೋಗುತ್ತಿದ್ದವೆಂದು ಲೂಯಿಸ್ 1806ರ ಮಾರ್ಚಿನಲ್ಲಿ ದಿನಚರಿಯಲ್ಲಿ ಬರೆದಿದ್ದಾನೆ. ಇನ್ನೊಂದು, ನನಗೆ ಬಹಳ ಮೆಚ್ಚುಗೆಯಾದದ್ದು, ಮದ್ದಿನ ಡಬ್ಬಿಗಳು. ಅವನ್ನು ಸೀಸದಿಂದಲೇ ಮಾಡಿಸಿದ್ದರು: ನಾಲ್ಕು ಪೌಂಡ್ ಮದ್ದು, ಅದನ್ನು ಹೊತ್ತ ಡಬ್ಬಿ ಎಂಟು ಪೌಂಡ್ ಸೀಸ. ಮದ್ದು ಮುಗಿದೊಡನೆ ಡಬ್ಬಿಯನ್ನು ಕರಗಿಸಿದರೆ ಅಷ್ಟು ಮದ್ದಿಗೆ ತಕ್ಕ ಗುಂಡುಗಳು ಸಿದ್ಧ. ನಾನಾ ಅವಘಡಗಳಲ್ಲಿ ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿದ್ದರೂ ಹೆಚ್ಚಿನ ಡಬ್ಬಿಗಳೊಳಗೆ ಮದ್ದು ಒಣಗಿಯೇ ಇತ್ತು.

ಪಿಸ್ತೂಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೊಂದೂ ಕಿಲೋಗಿಂತ ಮಿಕ್ಕ ತೂಕ, ಒಂದೊಂದೇ ಗುಂಡು, ಹತ್ತು ಹೆಜ್ಜೆಯಾಚೆ ನಂಬಿಕೆಯಿಲ್ಲ. ಆ ತೂಕಕ್ಕೆ ಒಂದು ಗುಂಡಿನ ಅಚ್ಚು, ಸೀಸ ಕರಗಿಸುವ ಸೌಟು, ಹತ್ತಿಪ್ಪತ್ತು ಚಕಮಕಿ ಕಲ್ಲು, ಒಂದು ಬಿಡಿ ಸ್ಪ್ರಿಂಗು, ತಿರುಪುಳಿ, ಹರಕು ಬಟ್ಟೆ, ಕೊಬ್ಬಿನ ಡಬ್ಬಿ, ಇಷ್ಟೂ ಬಂದು ಮಿಗುತ್ತದೆ. ಇನ್ನು ಏಳನೆಯ ಕಂತಿನಲ್ಲಿ ನಾಯಕ ಮೂರು ದಿನ ಎಡೆಬಿಡದ ಮಳೆಯಲ್ಲಿ ನಡೆದು, ನಾಲ್ಕನೆಯ ದಿನ ಕೋವಿ ಎತ್ತಿ ಒಂದೇ ಏಟಿಗೆ ಕರಡಿಯನ್ನು ಕೆಡವುತ್ತಾನೆ. ಕೇಪಿನ ಕೋವಿಯೇ ಆಟಿಯ ಮಳೆಯಲ್ಲಿ 'ಟಪ್' ಎಂದು ಸುಮ್ಮನಾಗುವುದನ್ನು ಕಂಡವನು ನಾನು. ತಂದೆಯವರು ಅಡಿಕೆ ಹಾಳೆಯ ತುಂಡೊಂದನ್ನು ಕುದುರೆಯ ಮೇಲೆ ಮಡಚಿ, ಬಾಳೆನಾರಿನಿಂದ ಬಿಗಿದು, ನಳಿಗೆ ಕೆಳಮುಖ ಮಾಡಿಯೇ ತೋಟಕ್ಕಿಳಿಯುತ್ತಿದ್ದರು. ಆದರೂ ಕೆಲವೊಮ್ಮೆ ಹಂದಿಯೇ ಗೆಲ್ಲುತ್ತಿತ್ತು. ಚಕಮಕಿ ಕೋವಿಯಲ್ಲಂತೂ ಬಟ್ಟಲಿನ ರಂಜಕಕ್ಕೆ ತೇವ ತಾಗಿದರೆ ಕಥೆ ಮುಗಿಯಿತು. ಅಲ್ಲಿನವರು ಕೊಬ್ಬು ತಿಕ್ಕಿದ ತೊಗಲಿನ ಮುಸುಕನ್ನು ಚಾಪಿಗೆ ಕಟ್ಟುತ್ತಿದ್ದರು, ಒದ್ದೆ ರಂಜಕವನ್ನು ಒರೆಸಿ ಹೊಸದನ್ನು ಹಾಕಿಕೊಳ್ಳುತ್ತಿದ್ದರು. ಇಂಥ ಒಂದು ಸಾಲು ಬಂದಿದ್ದರೆ ಆ ಕರಡಿ ಬಿದ್ದದ್ದನ್ನು ನಾನೂ ನಂಬುತ್ತಿದ್ದೆ.

ಮುಂದಿನ ಭಾನುವಾರ ಅವನು ನದಿಯೊಂದನ್ನು ಈಜಿ ದಾಟುವವನಿದ್ದಾನೆಂದು ಕಳೆದ ಕಂತಿನ ಕೊನೆಯಲ್ಲಿ ಸೂಚನೆಯಿದೆ. ಲೇಖಕರು ದಯವಿಟ್ಟು ಅವನ ಮಸ್ಕೆಟ್ಟನ್ನೂ ಎರಡು ಪಿಸ್ತೂಲುಗಳನ್ನೂ ಆ ನೀರಿನಲ್ಲೇ ಬಿಡಿಸಿ, ಆಚೆ ದಡದಲ್ಲಿ ಯಾರಾದರೊಬ್ಬ ಬೇಟೆಗಾರನಿಂದ ಹಳೆಯದೊಂದು ನೀಳ ರೈಫಲ್ಲನ್ನು ಕೊಡಿಸಲಿ. ಮದ್ದಿನ ಕೊಂಬನ್ನು ಮಾತ್ರ ಬಿರಡೆ ಬಿಗಿದು, ದಾಟುವಾಗ ನೆತ್ತಿಯ ಮೇಲೆ ಕಟ್ಟಿಸಿಕೊಳ್ಳಲಿ. ಕೊಂಬಿನಲ್ಲಿ ಇನ್ನೆಷ್ಟು ಉಳಿದಿದೆ ಎಂಬ ಲೆಕ್ಕವನ್ನು ನನ್ನ ಮೊಮ್ಮಗಳು ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿದ್ದಾಳೆ. ಅವಳ ಪ್ರಕಾರ ಈಗ ಒಂಬತ್ತು ಈಡು.

ಇತಿ,
ನಿಮ್ಮ ಓದುಗ,
ನಿವೃತ್ತ ಇತಿಹಾಸ ಅಧ್ಯಾಪಕ, ಉಡುಪಿ